ಟೈಪ್ 1 ಡಯಾಬಿಟಿಸ್ ರೋಗಿ ವಾರ್ಡಿಗೆ ಬಂದಾಗ: ನರ್ಸ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಜನರಲ್ ವಾರ್ಡಿನಲ್ಲಿ ಶುಗರ್ ಇರುವವರೆಂದರೆ ಹೆಚ್ಚಿನವರು ಟೈಪ್ 2, ಅಂದರೆ ದೇಹದಲ್ಲಿ ಇನ್ನೂ ಸ್ವಲ್ಪ ಇನ್ಸುಲಿನ್ ತಯಾರಾಗುವವರು. ನಮ್ಮ ಕೈಗೆ ಕೂತುಹೋದ ಅಭ್ಯಾಸಗಳೂ ಅವರಿಂದಲೇ ಬಂದವು. ಊಟ ಮಾಡಿಲ್ಲವೇ, ಇನ್ಸುಲಿನ್ ಬೇಡ. ಶುಗರ್ 110 ಇದೆಯೇ, ಈ ಹೊತ್ತಿನ ಡೋಸ್ ಬಿಡಿ. ವಾಂತಿಯೇ, ಬೆಳಿಗ್ಗೆ ರೌಂಡ್ಸ್‌ನಲ್ಲಿ ಕೇಳೋಣ. ಇದೇ ಲೆಕ್ಕ ಟೈಪ್ 1 ರೋಗಿಗೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಅವರು ಐಸಿಯು ಸೇರಿರಬಹುದು.

ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನಾಶಮಾಡಿರುತ್ತದೆ. ಒಳಗಿಂದ ಬರುವ ಇನ್ಸುಲಿನ್ ಇಲ್ಲವೇ ಇಲ್ಲ ಎನ್ನುವಷ್ಟು. ರೋಗಿ ಏನೂ ತಿನ್ನದಿದ್ದರೂ ಲಿವರ್ ಗ್ಲುಕೋಸ್ ಬಿಡುತ್ತಲೇ ಇರುತ್ತದೆ, ಕೊಬ್ಬು ಒಡೆದು ಕೀಟೋನ್ ಎಂಬ ಆಮ್ಲ ಆಗುತ್ತಲೇ ಇರುತ್ತದೆ. ಇವೆರಡನ್ನೂ ಹಿಡಿದು ನಿಲ್ಲಿಸುವುದು ಇನ್ಸುಲಿನ್ ಒಂದೇ. ಹಾಗಾಗಿ ದಿನವಿಡೀ ಕೆಲಸ ಮಾಡುವ ಬೇಸಲ್ ಇನ್ಸುಲಿನ್ ಊಟಕ್ಕಾಗಿ ಕೊಡುವುದಲ್ಲ, ಬದುಕಿರಲು ಕೊಡುವುದು. ಡೋಸ್ ಕಡಿಮೆ ಮಾಡಬಹುದು, ನಿಲ್ಲಿಸುವಂತಿಲ್ಲ. ಮುಂದೆ ಬರುವ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ದಾಖಲಾದ ಮೊದಲ ಅರ್ಧ ಗಂಟೆ

ಕೇಸ್ ಶೀಟಿನ ಮೇಲೆ ಬರೀ ‘ಡಿಎಂ’ (ಡಯಾಬಿಟಿಸ್) ಎಂದು ಬರೆದಿದ್ದರೆ ಸಾಲದು. ‘ಟೈಪ್ 1, ಬೇಸಲ್ ನಿಲ್ಲಿಸಬಾರದು’ ಎಂದು ಮುಖಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆಯಿರಿ. ಆಮೇಲೆ ರೋಗಿಯನ್ನು ಅಥವಾ ಜೊತೆಗಿರುವವರನ್ನು ಇಷ್ಟು ಕೇಳಿ:

1. ಯಾವ ಯಾವ ಇನ್ಸುಲಿನ್, ಎಷ್ಟೆಷ್ಟು ಯೂನಿಟ್, ಯಾವ ಹೊತ್ತಿಗೆ? ಬಾಟಲಿ ಅಥವಾ ಪೆನ್ ತಂದಿದ್ದರೆ ಲೇಬಲ್ ನೀವೇ ಓದಿ. ‘ಬೆಳಗ್ಗೆ ಬಿಳಿದು, ರಾತ್ರಿ ನೀರಿನಂಥದ್ದು’ ಎನ್ನುವ ಉತ್ತರದ ಮೇಲೆ ಡೋಸ್ ಬರೆಸಬೇಡಿ.
2. ಕೊನೆಯ ಬೇಸಲ್ ಡೋಸ್ ಯಾವಾಗ ಹಾಕಿಕೊಂಡರು? ಇದರ ಉತ್ತರ ಕೇಸ್ ಶೀಟಿನಲ್ಲಿ ಗಂಟೆ ಸಮೇತ ಇರಬೇಕು.
3. ಶುಗರ್ ಕಡಿಮೆಯಾದಾಗ ಅವರಿಗೆ ಏನನ್ನಿಸುತ್ತದೆ? ಎಷ್ಟಕ್ಕೆ ಇಳಿದಾಗ ಗೊತ್ತಾಗುತ್ತದೆ? ಹತ್ತಾರು ವರ್ಷದಿಂದ ಕಾಯಿಲೆ ಇರುವ ಕೆಲವರಿಗೆ 45ಕ್ಕೆ ಇಳಿದರೂ ಬೆವರಿಲ್ಲ, ನಡುಕವಿಲ್ಲ. ಅಂಥವರ ಮಂಚ ನರ್ಸಿಂಗ್ ಸ್ಟೇಷನ್ ಹತ್ತಿರ ಇರಲಿ.
4. ಹಿಂದೆ ಕೀಟೋಅಸಿಡೋಸಿಸ್ (ಡಿಕೆಎ, ಕೀಟೋನ್ ಹೆಚ್ಚಾಗಿ ರಕ್ತ ಆಮ್ಲೀಯವಾಗುವುದು) ಆಗಿತ್ತೇ? ಈಗ ಜ್ವರ, ವಾಂತಿ, ಹೊಟ್ಟೆನೋವು ಇದೆಯೇ? ಸ್ಟೀರಾಯ್ಡ್ ಏನಾದರೂ ನಡೆಯುತ್ತಿದೆಯೇ?

ನಂತರ ತೂಕ, ಬಿಪಿ, ನಾಡಿ, ಉಸಿರಾಟದ ವೇಗ, ಬೆರಳಿನ ಹನಿಯಿಂದ ನೋಡುವ ಶುಗರ್ ಅಂದರೆ ಜಿಆರ್‌ಬಿಎಸ್. ಶುಗರ್ 250 ದಾಟಿದ್ದರೆ ಅಥವಾ ವಾಂತಿ ಇದ್ದರೆ ಕೀಟೋನ್ ನೋಡಲೇಬೇಕು. ಹೊಟ್ಟೆ, ತೊಡೆಗಳನ್ನು ಕೈಯಿಂದ ಮುಟ್ಟಿ ನೋಡಿ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ರಬ್ಬರಿನಂಥ ಗಂಟಾಗಿದ್ದರೆ ಅಲ್ಲಿ ಹಾಕಿದ ಇನ್ಸುಲಿನ್ ಒಂದು ದಿನ ತಡವಾಗಿ, ಇನ್ನೊಂದು ದಿನ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಕಾರಣವಿಲ್ಲದೆ ಶುಗರ್ ಏರಿಳಿಯುವವರಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ವಾರ್ಡಿನಲ್ಲಿ ನಾವು ಗಂಟಿಲ್ಲದ ಜಾಗಕ್ಕೆ ಅದೇ ಡೋಸ್ ಹಾಕಿದರೆ ಶುಗರ್ ಧಡಕ್ಕನೆ ಇಳಿಯಬಹುದು. ಜಾಗ ಬದಲಿಸುವ ಮುಂಚೆ ವೈದ್ಯರಿಗೆ ಹೇಳಿ.

ರೋಗಿ ಇನ್ಸುಲಿನ್ ಪಂಪ್ ಹಾಕಿಕೊಂಡು ಬಂದಿದ್ದರೆ ಎಂಆರ್‌ಐಗೆ ಅದನ್ನು ತೆಗೆಯಲೇಬೇಕು. ಪಂಪಿನಲ್ಲಿ ಬೇಗ ಕೆಲಸ ಮಾಡಿ ಮುಗಿಯುವ ಇನ್ಸುಲಿನ್ ಮಾತ್ರ ಇರುತ್ತದೆ. ಹೆಚ್ಚು ಹೊತ್ತು ತೆಗೆದಿಡುವುದಾದರೆ ಬದಲಿ ಚುಚ್ಚುಮದ್ದಿನ ಆರ್ಡರ್ ಮೊದಲೇ ಬರೆಸಿಕೊಳ್ಳಿ.

ಜಿಆರ್‌ಬಿಎಸ್: ಬೆರಳಿನ ಹನಿ ಸುಳ್ಳು ಹೇಳದಂತೆ

ಊಟ ಮಾಡುವ ರೋಗಿಗೆ ಮೂರು ಊಟದ ಮುಂಚೆ ಮತ್ತು ಮಲಗುವಾಗ. ಡೋಸ್ ಬದಲಾದ ರಾತ್ರಿ ಬೆಳಗಿನ ಜಾವ 3 ಗಂಟೆಗೂ. ಬಾಯಿಗೆ ಏನೂ ಕೊಡದವರಿಗೆ 4ರಿಂದ 6 ಗಂಟೆಗೊಮ್ಮೆ (ಆಪರೇಷನ್‌ಗಾಗಿ ಹಾಗಿದ್ದರೆ ಗಂಟೆಗೊಮ್ಮೆ), ಇನ್ಸುಲಿನ್ ಡ್ರಿಪ್ ಮೇಲಿದ್ದವರಿಗೆ ಗಂಟೆಗೊಮ್ಮೆ. ಹೆಚ್ಚಿನ ಒಳರೋಗಿಗಳಿಗೆ ಗುರಿ 140ರಿಂದ 180. ಗರ್ಭಿಣಿಯರಿಗೆ ಬೇರೆ ಗುರಿ ಇರುತ್ತದೆ.

ಬೆರಳನ್ನು ಸೋಪು, ನೀರಿನಿಂದ ತೊಳೆಸಿ, ಒರೆಸಿ. ಬಾಳೆಹಣ್ಣು ಸುಲಿದ ಕೈಯಲ್ಲಿ ಹಾಗೇ ನೋಡಿದರೆ 300 ತೋರಿಸೀತು. ಅದನ್ನು ನಂಬಿ ಏರಿದ ಶುಗರ್ ಇಳಿಸುವ ಕರೆಕ್ಷನ್ ಡೋಸ್ ಕೊಟ್ಟರೆ ಮುಂದಿನದು ಲೋ ಶುಗರ್. ಸ್ಪಿರಿಟ್ ಹಚ್ಚಿದ್ದರೆ ಪೂರ್ತಿ ಆರಲಿ. ತೊಳೆಯಲು ಆಗದಿದ್ದರೆ ಮೊದಲ ಹನಿ ಒರೆಸಿ ಎರಡನೆಯದು ತೆಗೆದುಕೊಳ್ಳಿ. ಚುಚ್ಚುವುದು ಬೆರಳ ತುದಿಯ ಪಕ್ಕಕ್ಕೆ, ನಡುಭಾಗಕ್ಕಲ್ಲ. ರಕ್ತ ಬರಲಿಲ್ಲವೆಂದು ಹಿಂಡಬೇಡಿ, ಕೈಯನ್ನು ಕೆಳಗೆ ಇಳಿಬಿಟ್ಟು ಬೆಚ್ಚಗೆ ಮಾಡಿ. ಬಿಪಿ ತೀರಾ ಬಿದ್ದಿರುವವರಲ್ಲಿ, ತೀವ್ರ ರಕ್ತಹೀನತೆ ಇರುವವರಲ್ಲಿ ಬೆರಳಿನ ರಕ್ತದ ಸಂಖ್ಯೆಯನ್ನು ನಂಬದೆ ಲ್ಯಾಬಿಗೂ ಕಳಿಸಿ. ಮೀಟರ್ ‘ಹೈ’ ಎಂದು ಮಾತ್ರ ತೋರಿಸಿದರೆ ಅದು ಅಳತೆ ಮೀರಿದೆ ಎಂದರ್ಥ. ಲ್ಯಾಬ್ ಸ್ಯಾಂಪಲ್, ಕೀಟೋನ್, ಡ್ಯೂಟಿ ಡಾಕ್ಟರಿಗೆ ಫೋನ್, ಮೂರೂ ತಕ್ಷಣ.

ಬಾಟಲಿ ಯಾವುದು, ಸಿರಿಂಜ್ ಯಾವುದು

ಭಾರತದಲ್ಲಿ ಇನ್ಸುಲಿನ್ ಬಾಟಲಿಗಳಲ್ಲಿ ಹೆಚ್ಚಿನವು ಒಂದು ಎಂ.ಎಲ್.ಗೆ 40 ಯೂನಿಟ್ ಇರುವಂಥವು. ಪೆನ್, ಕಾರ್ಟ್ರಿಡ್ಜ್ ಮತ್ತು ಕೆಲವು ಬಾಟಲಿಗಳು 100 ಯೂನಿಟ್‌ನವು. ಎರಡೂ ಒಂದೇ ಫ್ರಿಜ್‌ನಲ್ಲಿ ಅಕ್ಕಪಕ್ಕ ಇರುತ್ತವೆ. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100ರ ಬಾಟಲಿಗೆ ಕಿತ್ತಳೆ ಮುಚ್ಚಳದ ಸಿರಿಂಜ್. ಇವು ಅದಲುಬದಲಾದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಬಂದದ್ದು 0.25 ಎಂ.ಎಲ್., ಅಂದರೆ 25 ಯೂನಿಟ್. ಎರಡೂವರೆ ಪಟ್ಟು. ತಿರುಗಾಮುರುಗಾ ಆಗಿ 40ರ ಇನ್ಸುಲಿನ್ ಅನ್ನು ಕಿತ್ತಳೆ ಸಿರಿಂಜ್‌ನಲ್ಲಿ 10ಕ್ಕೆ ಎಳೆದರೆ ಹೋಗುವುದು 4 ಯೂನಿಟ್ ಮಾತ್ರ. ಶುಗರ್ ಏರುತ್ತದೆ, ವೈದ್ಯರು ಡೋಸ್ ಏರಿಸುತ್ತಾರೆ, ಮರುದಿನ ಸರಿಯಾದ ಸಿರಿಂಜ್ ಸಿಕ್ಕಿದಾಗ ರೋಗಿ ಲೋ ಆಗುತ್ತಾರೆ. ಸರಿಯಾದ ಸಿರಿಂಜ್ ಇಲ್ಲದಿದ್ದರೆ ಮನಸ್ಸಿನಲ್ಲಿ ಗುಣಿಸಿ ಭಾಗಿಸಿ ಹೊಂದಿಸಬೇಡಿ, ಫಾರ್ಮಸಿಯಿಂದ ತರಿಸಿ. ಪೆನ್ ಕಾರ್ಟ್ರಿಡ್ಜ್‌ನಿಂದ ಸಿರಿಂಜ್‌ಗೆ ಎಳೆಯುವುದಂತೂ ಬೇಡವೇ ಬೇಡ. ಟ್ಯೂಬರ್ಕ್ಯುಲಿನ್ ಸಿರಿಂಜ್‌ನಲ್ಲೂ ಇನ್ಸುಲಿನ್ ಅಳೆಯಬಾರದು.

ಬರೆಯುವಾಗ ‘ಯೂನಿಟ್’ ಎಂದು ಪೂರ್ತಿ ಬರೆಯಿರಿ. ಇಂಗ್ಲಿಷಿನ ಒಂದೇ ಅಕ್ಷರ ಹಾಕಿದರೆ ಅವಸರದ ಕೈಬರಹದಲ್ಲಿ ಅದು ಸೊನ್ನೆಯಂತೆ ಕಂಡು 4 ಎಂಬುದು 40 ಆಗುತ್ತದೆ. ಎಳೆದ ಡೋಸನ್ನು ಇನ್ನೊಬ್ಬ ನರ್ಸ್‌ಗೆ ಬಾಟಲಿ ಸಮೇತ ತೋರಿಸಿ. ‘ಹೌದಲ್ವಾ ಸಿಸ್ಟರ್, 12?’ ಎಂದು ಉತ್ತರ ಹೇಳಿಕೊಟ್ಟು ಕೇಳಬೇಡಿ. ‘ಎಷ್ಟಿದೆ ನೋಡಿ ಹೇಳಿ’ ಎಂದು ಕೇಳಿ.

ಯಾವ ಇನ್ಸುಲಿನ್ ಯಾವಾಗ ಕೆಲಸ ಮಾಡುತ್ತದೆ ಎಂಬುದು ತಲೆಯಲ್ಲಿದ್ದರೆ ಅರ್ಧ ತಪ್ಪು ತಪ್ಪುತ್ತದೆ. ರೆಗ್ಯುಲರ್ ಶುರುವಾಗಲು ಅರ್ಧ ಗಂಟೆ, ಜೋರು 2ರಿಂದ 4 ಗಂಟೆಯಲ್ಲಿ, ಮುಗಿಯುವುದು 6ರಿಂದ 8 ಗಂಟೆಗೆ. ಆದ್ದರಿಂದ ಊಟಕ್ಕೆ 30 ನಿಮಿಷ ಮೊದಲು. ಆಸ್ಪಾರ್ಟ್, ಲಿಸ್ಪ್ರೊ, ಗ್ಲುಲಿಸಿನ್ 15 ನಿಮಿಷದೊಳಗೆ ಶುರುವಾಗಿ 3ರಿಂದ 5 ಗಂಟೆಯಲ್ಲಿ ಮುಗಿಯುತ್ತವೆ. ತಟ್ಟೆ ಮುಂದೆ ಬಂದಾಗಲೇ ಕೊಟ್ಟರೂ ಆದೀತು. ಬೇಸಲ್ ಆಗಿ ಕೊಡುವ ಗ್ಲಾರ್ಜಿನ್ ಸುಮಾರು 24 ಗಂಟೆ, ಹೆಚ್ಚು ಏರಿಳಿತವಿಲ್ಲದೆ. ಇದನ್ನು ಬೇರೆ ಯಾವುದರ ಜೊತೆಗೂ ಒಂದೇ ಸಿರಿಂಜ್‌ನಲ್ಲಿ ಬೆರೆಸಬಾರದು. ಎನ್‌ಪಿಎಚ್ ಮಾತ್ರ ಇವುಗಳಲ್ಲಿ ಮಬ್ಬಾಗಿರುತ್ತದೆ. ಅಂಗೈಯಲ್ಲಿ 10 ಸಲ ಉರುಳಿಸಿ, 10 ಸಲ ನಿಧಾನವಾಗಿ ಬುಡಮೇಲು ಮಾಡಿ ಬಳಸಬೇಕು, ಕುಲುಕಬಾರದು. ರೆಗ್ಯುಲರ್ ಜೊತೆ ಬೆರೆಸುವುದಿದ್ದರೆ ಮೊದಲು ತಿಳಿಯಾಗಿರುವುದನ್ನು ಎಳೆಯಿರಿ, ಆಮೇಲೆ ಮಬ್ಬಿನದು. ತಿಳಿಯಾಗಿರಬೇಕಾದ ಬಾಟಲಿ ಮಬ್ಬಾಗಿದ್ದರೆ, ಗೋಡೆಗೆ ಹಿಮದಂಥ ಕಣ ಅಂಟಿದ್ದರೆ ಎಸೆಯಿರಿ.

ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರ್ ಪಕ್ಕಕ್ಕಲ್ಲ. ಒಮ್ಮೆ ಗಡ್ಡೆ ಕಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ತೆರೆದ ದಿನಾಂಕ ಬಾಟಲಿ ಮೇಲೆ ಬರೆಯಿರಿ. ಹೆಚ್ಚಿನವನ್ನು 28 ದಿನವಾದ ಮೇಲೆ ಬಳಸುವಂತಿಲ್ಲ.

ಚುಚ್ಚುವ ಕ್ರಮ

ಹೊಟ್ಟೆಯಲ್ಲಿ ಹೊಕ್ಕುಳಿಂದ ಎರಡು ಬೆರಳು ದೂರ, ತೊಡೆಯ ಹೊರಭಾಗ, ತೋಳಿನ ಹಿಂಭಾಗ, ಪೃಷ್ಠದ ಮೇಲ್ಭಾಗ. ಒಂದು ಚುಚ್ಚಿಗೂ ಮುಂದಿನದಕ್ಕೂ ಕನಿಷ್ಠ ಒಂದು ಬೆರಳಿನ ಅಂತರ ಇರಬೇಕು. ಎಲ್ಲಿ ಹಾಕಿದಿರಿ ಎಂದು ಚಾರ್ಟ್‌ನಲ್ಲಿ ಬರೆದರೆ ರಾತ್ರಿ ಡ್ಯೂಟಿಯವರು ಅದೇ ಜಾಗಕ್ಕೆ ಹೋಗುವುದಿಲ್ಲ. ಚರ್ಮ ಸ್ವಚ್ಛವಾಗಿದ್ದರೆ ಸಾಕು, ಸ್ಪಿರಿಟ್ ಹಚ್ಚಿದರೆ ಆರಲು ಬಿಡಿ. 4 ಮಿ.ಮೀ. ಸೂಜಿಯಾದರೆ ನೇರವಾಗಿ, ಪುಟ್ಟ ಮಕ್ಕಳಲ್ಲಿ, ತೀರಾ ಸಣಕಲು ದೇಹದವರಲ್ಲಿ ಚರ್ಮ ಮಡಿಕೆ ಹಿಡಿದು.

ಪೆನ್ ಬಳಸುವಾಗ ಎರಡು ಯೂನಿಟ್ ಗಾಳಿಗೆ ಬಿಟ್ಟು ತುದಿಯಲ್ಲಿ ಹನಿ ಕಾಣುವುದನ್ನು ನೋಡಿ. ಡೋಸ್ ತಿರುಗಿಸಿ, ಚುಚ್ಚಿ, ಗುಂಡಿ ಒತ್ತಿ, ಸೊನ್ನೆ ಬಂದ ಮೇಲೂ ಹತ್ತು ಎಣಿಸುವವರೆಗೆ ಸೂಜಿ ಒಳಗೇ ಇರಲಿ. ಬೇಗ ತೆಗೆದರೆ ಚರ್ಮದ ಮೇಲೆ ಹನಿ ಉಳಿಯುತ್ತದೆ. ಮಗುವಿಗೆ ಒಟ್ಟು ಡೋಸೇ 3 ಯೂನಿಟ್ ಇರುವಾಗ ಆ ಒಂದು ಹನಿ ಸಣ್ಣದಲ್ಲ. ಸೂಜಿ ಬದಲಿಸಿದರೂ ಒಬ್ಬರ ಪೆನ್ ಇನ್ನೊಬ್ಬರಿಗೆ ಬಳಸಬಾರದು. ರಕ್ತ ಕಾರ್ಟ್ರಿಡ್ಜ್ ಒಳಕ್ಕೆ ಹಿಮ್ಮುಖವಾಗಿ ಬರಬಹುದು. ಬಳಸಿದ ಸೂಜಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಚುಚ್ಚಲಾಗದ ಬಿಳಿ ಅರೆಪಾರದರ್ಶಕ ಡಬ್ಬಿಗೆ. ಮುಚ್ಚಳ ತಿರುಗಿ ಹಾಕಲು ಹೋಗಬೇಡಿ.

ಊಟದ ಟ್ರಾಲಿ ಮತ್ತು ಇನ್ಸುಲಿನ್

ವಾರ್ಡಿನಲ್ಲಾಗುವ ಲೋ ಶುಗರ್‌ಗಳಲ್ಲಿ ಎಷ್ಟೋ ಇಲ್ಲೇ ಹುಟ್ಟುತ್ತವೆ. ಏಳೂವರೆಗೆ ರೆಗ್ಯುಲರ್ ಹಾಕುತ್ತೇವೆ, ಎಂಟಕ್ಕೆ ತಿಂಡಿ ಬರಬೇಕು. ಅಷ್ಟರಲ್ಲಿ ಸ್ಕ್ಯಾನಿಂಗ್‌ನಿಂದ ಕರೆ ಬಂದು ರೋಗಿಯನ್ನು ಖಾಲಿ ಹೊಟ್ಟೆಯಲ್ಲೇ ವೀಲ್‌ಚೇರಿನಲ್ಲಿ ಕರೆದೊಯ್ಯುತ್ತಾರೆ. ಆದ್ದರಿಂದ ಊಟದ ಡೋಸ್ ಹಾಕುವ ಮುಂಚೆ ಎರಡು ಪ್ರಶ್ನೆ: ಟ್ರಾಲಿ ಅಡುಗೆಮನೆಯಿಂದ ಹೊರಟಿದೆಯೇ? ಈ ರೋಗಿಗೆ ಇವತ್ತು ಯಾವುದಾದರೂ ಪರೀಕ್ಷೆ ಇದೆಯೇ? ವಾಕರಿಕೆ ಇದ್ದು ಎಷ್ಟು ತಿನ್ನುತ್ತಾರೋ ಗೊತ್ತಿಲ್ಲದಿದ್ದರೆ ಆಸ್ಪಾರ್ಟ್‌ನಂಥ ಬೇಗ ಕೆಲಸ ಮಾಡುವ ಇನ್ಸುಲಿನ್ ಅನ್ನು ಊಟ ಮುಗಿದ ಕೂಡಲೇ, ತಿಂದಷ್ಟಕ್ಕೆ ತಕ್ಕಂತೆ ಕೊಡಲು ಆರ್ಡರ್ ಕೇಳಿ. ಶುಗರ್ ಎಷ್ಟಿದೆಯೋ ಅದಕ್ಕೆ ಮಾತ್ರ ರೆಗ್ಯುಲರ್ ಕೊಡುವ ಬರೀ ಸ್ಲೈಡಿಂಗ್ ಸ್ಕೇಲ್ ಟೈಪ್ 1ಕ್ಕೆ ಆಗದು. ಅಂಥ ಆರ್ಡರ್ ಕಂಡರೆ ‘ಸರ್, ಬೇಸಲ್ ಯಾವುದು ಬರೆಯಲಿ?’ ಎಂದು ಕೇಳುವುದು ನಮ್ಮ ಕೆಲಸವೇ.

‘ಅನ್ನ ಬೇಡ, ಮುದ್ದೆ ಎಷ್ಟಾದರೂ ತಿನ್ನಬಹುದು’ ಎಂಬ ಮಾತು ಮನೆಯವರಿಂದ ಬರುತ್ತದೆ. ರಾಗಿ ಹಿಟ್ಟಿನಲ್ಲೂ 100 ಗ್ರಾಂಗೆ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಯಾವುದು ಎನ್ನುವುದಕ್ಕಿಂತ ಎಷ್ಟು ಎಂಬುದೇ ಇನ್ಸುಲಿನ್ ಲೆಕ್ಕಕ್ಕೆ ಮುಖ್ಯ. ನೋಡಲು ಬಂದವರು ತರುವ ಎಳನೀರು, ಬಿಸ್ಕತ್ತು ಕೂಡ ಚಾರ್ಟ್‌ನಲ್ಲಿ ದಾಖಲಾಗಲಿ.

ಲೋ ಶುಗರ್: 70ಕ್ಕಿಂತ ಕೆಳಗೆ

ಬೆವರು, ನಡುಕ, ಹಸಿವು, ಎದೆಬಡಿತ. ನಂತರ ಮಂಕು, ಸಿಡುಕು, ತೊದಲು. ರಾತ್ರಿಯಾದರೆ ಒದ್ದೆಯಾದ ದಿಂಬು, ಕೆಟ್ಟ ಕನಸು, ಬೆಳಿಗ್ಗೆ ತಲೆನೋವು. ಅನುಮಾನ ಬಂದರೆ ಮೀಟರ್ ಹಿಡಿಯಿರಿ. ಮೀಟರ್ ಕೈಗೆ ಸಿಗದಿದ್ದರೆ ಲೋ ಎಂದೇ ಭಾವಿಸಿ ಶುರುಮಾಡಿ.

ಎಚ್ಚರವಿದ್ದು ನುಂಗಬಲ್ಲವರಿಗೆ:

1. ಗ್ಲುಕೋಸ್ ಪುಡಿ ಅಥವಾ ಸಕ್ಕರೆ 15 ಗ್ರಾಂ, ಅಂದರೆ ಮೂರು ಟೀ ಚಮಚ, ಅರ್ಧ ಲೋಟ ನೀರಿನಲ್ಲಿ. ಮಕ್ಕಳಿಗೆ ಕೆ.ಜಿ.ಗೆ 0.3 ಗ್ರಾಂ, 30 ಕೆ.ಜಿ. ಮಗುವಿಗೆ 9 ಗ್ರಾಂ.
2. 15 ನಿಮಿಷ ಬಿಟ್ಟು ಮತ್ತೆ ಜಿಆರ್‌ಬಿಎಸ್. 70 ದಾಟದಿದ್ದರೆ ಅಷ್ಟೇ ಮತ್ತೊಮ್ಮೆ.
3. 70 ದಾಟಿದ ಮೇಲೆ, ಊಟಕ್ಕೆ ಇನ್ನೂ ಹೊತ್ತಿದ್ದರೆ ಎರಡು ಬಿಸ್ಕತ್ತು ಅಥವಾ ಒಂದು ಲೋಟ ಹಾಲು.

ಚಾಕೊಲೇಟು, ಬರ್ಫಿ ಬೇಡ. ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಗಾಬರಿಯಿಂದ ಅರ್ಧ ಪೊಟ್ಟಣ ಗ್ಲುಕೋಸ್ ಕುಡಿಸಿದರೆ ಒಂದು ಗಂಟೆಯಲ್ಲಿ 350.

ಪ್ರಜ್ಞೆ ತಪ್ಪಿದ್ದರೆ ಅಥವಾ ಫಿಟ್ಸ್ ಬಂದರೆ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಿಗೆ ಮಲಗಿಸಿ. ದೊಡ್ಡವರಿಗೆ 25% ಡೆಕ್ಸ್ಟ್ರೋಸ್ 100 ಎಂ.ಎಲ್. ಒಳ್ಳೆಯ ರಕ್ತನಾಳದಲ್ಲಿ, ಅಭಿಧಮನಿಯಿಂದ ಹೊರಗೆ ಸೋರಿದರೆ ಚರ್ಮ ಕೊಳೆಯಬಹುದು. ಮಕ್ಕಳಿಗೆ 10% ಡೆಕ್ಸ್ಟ್ರೋಸ್ ಕೆ.ಜಿ.ಗೆ 2 ಎಂ.ಎಲ್. ವಾರ್ಡಿನಲ್ಲಿ 25% ಮಾತ್ರ ಇದ್ದರೆ ಅದರ 40 ಎಂ.ಎಲ್.ಗೆ ಡಿಸ್ಟಿಲ್ಡ್ ವಾಟರ್ 60 ಎಂ.ಎಲ್. ಸೇರಿಸಿದರೆ 100 ಎಂ.ಎಲ್. 10% ಆಗುತ್ತದೆ. ಲೈನ್ ಸಿಗದಿದ್ದರೆ ಶುಗರ್ ಏರಿಸುವ ಗ್ಲುಕಗಾನ್ 1 ಮಿ.ಗ್ರಾಂ ಸ್ನಾಯುವಿಗೆ, 25 ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿಗೆ ಅರ್ಧ. ಅದರ ನಂತರ ವಾಂತಿ ಆಗುವುದು ಸಾಮಾನ್ಯ.

ಮುಂದಿನ ತಪ್ಪು ಇಲ್ಲೇ ಕಾದಿರುತ್ತದೆ. ಸಂಜೆ 58 ಇತ್ತೆಂದು ರಾತ್ರಿಯ ಗ್ಲಾರ್ಜಿನ್ ಬಿಟ್ಟುಬಿಡುವುದು. ಲೋ ಯಾಕಾಯಿತು ಎಂದು ಹುಡುಕಿ, ವೈದ್ಯರಿಗೆ ತಿಳಿಸಿ, ಡೋಸ್ ಇಳಿಸಿಕೊಳ್ಳಿ, ಆದರೆ ಕೊಡಿ.

ಕೀಟೋಅಸಿಡೋಸಿಸ್: ಡ್ರಿಪ್ ಮುಂದೆ ನಿಂತು ನೋಡಬೇಕಾದ್ದು

ಆಳವಾದ, ಬಿರುಸಾದ ಉಸಿರು, ಹಣ್ಣು ಕೊಳೆತಂಥ ವಾಸನೆ, ಒಣಗಿದ ನಾಲಿಗೆ, ವಾಂತಿ, ಹೊಟ್ಟೆನೋವು. ಮಕ್ಕಳಲ್ಲಿ ಇದನ್ನು ಅಪೆಂಡಿಸೈಟಿಸ್ ಅಥವಾ ನ್ಯುಮೋನಿಯಾ ಎಂದು ತಿಳಿಯುವುದುಂಟು. ಅಂಥ ಪ್ರತಿ ಮಗುವಿಗೂ ಒಂದು ಜಿಆರ್‌ಬಿಎಸ್ ನೋಡಿದರೆ ಜೀವ ಉಳಿಯುತ್ತದೆ. ರಕ್ತದ ಕೀಟೋನ್ 3 ಅಥವಾ ಹೆಚ್ಚು, ಪಿಎಚ್ 7.3ಕ್ಕಿಂತ ಕಡಿಮೆ, ಬೈಕಾರ್ಬೊನೇಟ್ 18ಕ್ಕಿಂತ ಕಡಿಮೆ ಇದ್ದರೆ ಖಚಿತ.

ಎರಡು ಐವಿ ಲೈನ್ ಹಾಕಿ, ರಕ್ತ ಕಳಿಸಿ, ಇಸಿಜಿ ತೆಗೆಯಿರಿ. ಮೊದಲು ನಾರ್ಮಲ್ ಸಲೈನ್. ದೊಡ್ಡವರಿಗೆ ಸಾಮಾನ್ಯವಾಗಿ ಮೊದಲ ಗಂಟೆಯಲ್ಲಿ ಒಂದು ಲೀಟರ್‌ವರೆಗೆ, ಹೃದಯ, ಕಿಡ್ನಿ ನೋಡಿಕೊಂಡು. ಇನ್ಸುಲಿನ್ ಶುರುಮಾಡುವ ಮುಂಚೆ ಪೊಟ್ಯಾಸಿಯಂ ವರದಿ ಕೈಯಲ್ಲಿರಲಿ. 3.5ಕ್ಕಿಂತ ಕಡಿಮೆ ಇದ್ದರೆ ಇನ್ಸುಲಿನ್ ತಡೆದು ಪೊಟ್ಯಾಸಿಯಂ ಮೊದಲು. ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಜೀವಕೋಶಗಳೊಳಕ್ಕೆ ತಳ್ಳುತ್ತದೆ, ರಕ್ತದಲ್ಲಿ ಇನ್ನೂ ಇಳಿದು ಹೃದಯದ ಬಡಿತ ಹದಗೆಡಬಹುದು. ಪೊಟ್ಯಾಸಿಯಂ ಕ್ಲೋರೈಡ್‌ನ 10 ಎಂ.ಎಲ್. ಆಂಪ್ಯೂಲ್‌ನಲ್ಲಿ 20 ಮಿಲಿಇಕ್ವಿವಲೆಂಟ್ ಇರುತ್ತದೆ. ಬಾಟಲಿಯಲ್ಲಿ ಬೆರೆಸಿ, ಚೆನ್ನಾಗಿ ಅಲ್ಲಾಡಿಸಿಯೇ ಹನಿಸಬೇಕು; ನೇರವಾಗಿ ಸಿರಿಂಜ್‌ನಿಂದ ತಳ್ಳಿದರೆ ಹೃದಯ ನಿಲ್ಲುತ್ತದೆ. ಮೂತ್ರ ಬರುತ್ತಿದೆಯೇ ಎಂದೂ ಖಾತ್ರಿಯಾಗಿರಲಿ.

ಇನ್ಸುಲಿನ್ ಡ್ರಿಪ್: ರೆಗ್ಯುಲರ್ 50 ಯೂನಿಟ್ ಅನ್ನು ಸಲೈನ್ ಸೇರಿಸಿ ಒಟ್ಟು 50 ಎಂ.ಎಲ್. ಮಾಡಿದರೆ 1 ಎಂ.ಎಲ್.ಗೆ 1 ಯೂನಿಟ್. ಬಾಟಲಿ 40ರದ್ದಾದರೆ 50 ಯೂನಿಟ್ ಎಂದರೆ 1.25 ಎಂ.ಎಲ್., ಕೆಂಪು ಮುಚ್ಚಳದ 1 ಎಂ.ಎಲ್. ಸಿರಿಂಜ್‌ನಲ್ಲಿ ಒಂದು ಸಲ 40, ಇನ್ನೊಂದು ಸಲ 10. ಇನ್ಸುಲಿನ್ ಪ್ಲಾಸ್ಟಿಕ್ ಟ್ಯೂಬಿಗೆ ಅಂಟಿಕೊಳ್ಳುವುದರಿಂದ ಮೊದಲ 20 ಎಂ.ಎಲ್. ಟ್ಯೂಬಿನಲ್ಲಿ ಹರಿಸಿ ಚೆಲ್ಲಿ. ವೇಗ ಕೆ.ಜಿ.ಗೆ ಗಂಟೆಗೆ 0.1 ಯೂನಿಟ್, 50 ಕೆ.ಜಿ.ಯವರಿಗೆ ಗಂಟೆಗೆ 5 ಎಂ.ಎಲ್.

ಗಂಟೆಗೊಮ್ಮೆ ಜಿಆರ್‌ಬಿಎಸ್, ನಾಡಿ, ಬಿಪಿ, ಉಸಿರು, ಎಚ್ಚರದ ಮಟ್ಟ, ಮೂತ್ರ. 2ರಿಂದ 4 ಗಂಟೆಗೊಮ್ಮೆ ಪೊಟ್ಯಾಸಿಯಂ. ಶುಗರ್ ಗಂಟೆಗೆ 50ರಿಂದ 75ರಷ್ಟು ಇಳಿದರೆ ಸರಿ. ಇಳಿಯದಿದ್ದರೆ ಡೋಸ್ ಏರಿಸಲು ಫೋನ್ ಮಾಡುವ ಮುಂಚೆ ಕ್ಲ್ಯಾಂಪ್, ತ್ರೀ-ವೇ, ಊದಿದ ಕ್ಯಾನುಲಾ, ಪಂಪಿನ ಸಂಖ್ಯೆ, ಬೆರೆಸಿದ ಪ್ರಮಾಣ ನೋಡಿ.

ಶುಗರ್ 250ಕ್ಕಿಂತ ಇಳಿದಾಗ ಇನ್ಸುಲಿನ್ ನಿಲ್ಲಿಸುವುದು ಅತಿ ಸಾಮಾನ್ಯ ತಪ್ಪು. ಆಗ ಮಾಡಬೇಕಾದ್ದು ಡೆಕ್ಸ್ಟ್ರೋಸ್ ಇರುವ ದ್ರವ ಸೇರಿಸಿ, ಆರ್ಡರ್ ಪ್ರಕಾರ ವೇಗ 0.05ಕ್ಕೆ ಇಳಿಸುವುದು. ನಾವು ಚಿಕಿತ್ಸೆ ಕೊಡುತ್ತಿರುವುದು ಕೀಟೋನ್‌ಗೆ, ಶುಗರ್ ಸಂಖ್ಯೆಗಲ್ಲ. ಮೂತ್ರದ ಪಟ್ಟಿಯಲ್ಲಿ ಕೀಟೋನ್ ಇನ್ನೂ ಗಾಢವಾಗಿ ಕಂಡರೂ ಗಾಬರಿ ಬೇಡ. ಗುಣವಾಗುವಾಗ ಹಾಗೆ ಕಾಣುವುದುಂಟು, ರಕ್ತದ ಕೀಟೋನ್ ಮತ್ತು ಪಿಎಚ್ ನೋಡಿ.

ಮಕ್ಕಳಲ್ಲಿ ಚಿಕಿತ್ಸೆ ಶುರುವಾದ ಮೊದಲ 12 ಗಂಟೆ ಮಿದುಳಿನ ಊತದ ಭಯ. ಚೆನ್ನಾಗಿ ಮಾತಾಡುತ್ತಿದ್ದ ಮಗು ತಲೆನೋವು ಎನ್ನುತ್ತದೆ, ಮತ್ತೆ ವಾಂತಿ, ಮಂಪರು, ನಾಡಿ ನಿಧಾನ, ಬಿಪಿ ಏರಿಕೆ. ‘ಪುಟ್ಟ ನಿದ್ದೆ ಮಾಡ್ತಿದೆ ಸಿಸ್ಟರ್, ಎಬ್ಬಿಸಬೇಡಿ’ ಎಂದು ಅಮ್ಮ ಹೇಳಿದರೂ ಗಂಟೆಗೊಮ್ಮೆ ಎಬ್ಬಿಸಿ ಮಾತಾಡಿಸಿ. ಅನುಮಾನವಿದ್ದರೆ ತಲೆ 30 ಡಿಗ್ರಿ ಎತ್ತರಿಸಿ, ವೈದ್ಯರನ್ನು ಕರೆದು, ಊತ ಇಳಿಸುವ ಮ್ಯಾನಿಟಾಲ್ ಸಿದ್ಧವಿಡಿ. ಸಿಟಿ ಸ್ಕ್ಯಾನಿಗಾಗಿ ಕಾಯುವಂತಿಲ್ಲ.

ಡ್ರಿಪ್ ನಿಲ್ಲಿಸುವ 1ರಿಂದ 2 ಗಂಟೆ ಮೊದಲೇ ಬೇಸಲ್ ಇನ್ಸುಲಿನ್ ಚರ್ಮದಡಿ ಹೋಗಿರಬೇಕು. ರಕ್ತನಾಳದಲ್ಲಿ ಕೊಟ್ಟ ಇನ್ಸುಲಿನ್ ಕೆಲವೇ ನಿಮಿಷಗಳಲ್ಲಿ ಮಾಯ. ಡ್ರಿಪ್ ತೆಗೆದು, ಬೇಸಲ್ ಮುಂದಿನ ಶಿಫ್ಟಿಗೆ ಬಿಟ್ಟರೆ ಕೀಟೋನ್ ಮರಳುತ್ತದೆ.

ಆಪರೇಷನ್, ಉಪವಾಸ

ಎನ್‌ಪಿಒ (ಬಾಯಿಗೆ ಏನೂ ಕೊಡಬಾರದು ಎಂಬ ಆದೇಶ) ಇದ್ದಾಗ ಊಟದ ಇನ್ಸುಲಿನ್ ಮಾತ್ರ ನಿಲ್ಲುತ್ತದೆ. ಬೇಸಲ್ ಸಾಮಾನ್ಯವಾಗಿ ಮಾಮೂಲಿನ 75ರಿಂದ 80%. ಜೊತೆಗೆ ಡೆಕ್ಸ್ಟ್ರೋಸ್ ದ್ರವ, ಗಂಟೆಗೊಮ್ಮೆ ಶುಗರ್. ಪಟ್ಟಿಯಲ್ಲಿ ಮೊದಲ ಕೇಸಾಗಿ ಹಾಕಿಸಿ. ಏಕಾದಶಿ, ರಂಜಾನ್ ಉಪವಾಸ ಮಾಡುವೆವೆನ್ನುವವರ ಜೊತೆ ವಾದಕ್ಕಿಳಿಯದೆ ವೈದ್ಯರ ಜೊತೆ ಕೂರಿಸಿ ಮಾತಾಡಿಸಿ. ಮುಚ್ಚಿಟ್ಟು ಮಾಡುವ ಉಪವಾಸ ಹೆಚ್ಚು ಅಪಾಯಕಾರಿ.

ಮನೆಗೆ ಕಳಿಸುವಾಗ

ಡಿಸ್ಚಾರ್ಜ್ ದಿನ ಕೈಗೆ ಚೀಟಿ ಕೊಟ್ಟು ಹತ್ತು ನಿಮಿಷ ಹೇಳಿದರೆ ಯಾರಿಗೂ ತಲೆಗೆ ಹೋಗದು. ಎರಡನೇ ದಿನದಿಂದಲೇ ಪ್ರತಿ ಡೋಸನ್ನೂ ರೋಗಿ ಅಥವಾ ಅಮ್ಮನ ಕೈಯಲ್ಲೇ ಎಳೆಸಿ, ನೀವು ನೋಡಿ. ಸಿರಿಂಜ್‌ನ ಮುಚ್ಚಳದ ಬಣ್ಣ ಅವರ ಬಾಯಲ್ಲೇ ಹೇಳಿಸಿ. ಊರಿನ ಮೆಡಿಕಲ್ ಶಾಪಿನಲ್ಲಿ ಬೇರೆಯದು ಕೊಟ್ಟರೆ ಹಿಂದಿರುಗಿಸುವಷ್ಟು ಗಟ್ಟಿಯಾಗಿ. ಫ್ರಿಜ್ ಇಲ್ಲದ ಮನೆಗೆ ಮಡಕೆ ಸಾಕು: ಒದ್ದೆ ಮರಳು ಹಾಕಿದ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ಅದರಲ್ಲಿ ಡಬ್ಬಿಗೆ ಹಾಕಿದ ಬಾಟಲಿ, ನೆರಳಲ್ಲಿ, ಗಾಳಿಯಾಡುವಲ್ಲಿ.

ಹೊಸದಾಗಿ ಗೊತ್ತಾದವರಿಗೆ ಇದೊಂದನ್ನು ಹೇಳದೆ ಕಳಿಸಬೇಡಿ. ಚಿಕಿತ್ಸೆ ಶುರುವಾದ ಕೆಲವು ವಾರಗಳಲ್ಲಿ ಉಳಿದಿರುವ ಬೀಟಾ ಕೋಶಗಳು ಸ್ವಲ್ಪ ಚೇತರಿಸಿಕೊಂಡು ಇನ್ಸುಲಿನ್ ಅಗತ್ಯ ತೀರಾ ಕಡಿಮೆಯಾಗಬಹುದು. ಅದೇ ಹೊತ್ತಿಗೆ ಯಾರೋ ನಾಟಿ ಔಷಧಿ ಕೊಟ್ಟಿರುತ್ತಾರೆ, ಮನೆಯವರು ವಾಸಿಯಾಯಿತೆಂದು ಇನ್ಸುಲಿನ್ ಬಿಡುತ್ತಾರೆ, ಮಗು ಡಿಕೆಎ ಆಗಿ ಮರಳುತ್ತದೆ. ‘ಡೋಸ್ ಇಳಿಯುತ್ತೆ, ಆಗ ಫೋನ್ ಮಾಡಿ, ನಾವು ಇಳಿಸ್ತೀವಿ. ನಿಲ್ಲಿಸಬೇಡಿ’ ಎಂದು ಮೊದಲೇ ಹೇಳಿದ್ದರೆ ಅವರು ಆ ದಿನ ಮೋಸ ಹೋಗುವುದಿಲ್ಲ. ಹೆಣ್ಣುಮಗುವಾದರೆ ಮದುವೆಯ ಚಿಂತೆಯಿಂದ ಕಾಯಿಲೆ ಮುಚ್ಚಿಡುವವರಿದ್ದಾರೆ. ಕನಿಷ್ಠ ಶಾಲೆಯ ಒಬ್ಬ ಟೀಚರಿಗೆ ಲೋ ಶುಗರ್ ಬಂದರೆ ಏನು ಮಾಡಬೇಕೆಂದು ಗೊತ್ತಿರಲಿ ಎಂದು ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿ ಒಪ್ಪಿಸಿ.

ಚೀಟಿಯ ಹಿಂದೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡಿ: ಜ್ವರ, ವಾಂತಿ ಬಂದರೂ ಬೇಸಲ್ ಹಾಕಿಕೊಳ್ಳಿ, 3ರಿಂದ 4 ಗಂಟೆಗೊಮ್ಮೆ ಶುಗರ್, ಜೊತೆಗೆ ಕೀಟೋನ್ ನೋಡಿ, ನೀರು ಕುಡಿಯುತ್ತಿರಿ, ವಾಂತಿ ನಿಲ್ಲದಿದ್ದರೆ, ಉಸಿರು ಬಿರುಸಾದರೆ ಅಥವಾ ಕೀಟೋನ್ ಹೆಚ್ಚಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಬನ್ನಿ, ಬಳಸುತ್ತಿರುವ ಇನ್ಸುಲಿನ್ ಬಾಟಲಿ, ಸಿರಿಂಜ್ ಜೊತೆಗೇ ತನ್ನಿ.